ಗೂಟಕ್ಕೆ ಕಟ್ಟಿದ ಕೊರಳು

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ' ಎಂಬ ಗಾದೆಯನ್ನು ಕೇಳದೆ ಬೆಳೆದ ಮಗು ನಮ್ಮಲ್ಲಿ ವಿರಳ. ಗಾದೆಯಲ್ಲಿರುವುದು ಬಗ್ಗಿಸುವ ಮಾತು. ಫ್ರಾನ್ಸಿನ ಮುದಿವೈದ್ಯನೊಬ್ಬನಿಗೆ ಅದೇ ಗಿಡ ಬೇರೊಂದು ಬಗೆಯಲ್ಲಿ ಕಂಡಿತು. ೧೭೪೧ರಲ್ಲಿ ಆತ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಚಿತ್ರ ಉಂಟು: ಕಾಂಡ ಸೊಟ್ಟಗೆ ಬೆಳೆದ ಒಂದು ಎಳೆಯ ಮರ, ಅದರ ಪಕ್ಕಕ್ಕೆ ನೆಟ್ಟಗೆ ಹೂಳಿದ ಗೂಟ, ಎರಡನ್ನೂ ಸೇರಿಸಿ ಬಿಗಿದು ಸುತ್ತಿದ ಹಗ್ಗ. ಈ ಚಿತ್ರ ಪುಸ್ತಕಕ್ಕಿಂತ ಹೆಚ್ಚು ಕಾಲ ಬಾಳಿತು. ಮೂಳೆವೈದ್ಯರ ಸಂಘಗಳು ಜಗತ್ತಿನ ಹಲವು ಕಡೆ ಇಂದಿಗೂ ತಮ್ಮ ಲಾಂಛನದಲ್ಲಿ ಇದೇ ಮರವನ್ನು ಇಟ್ಟುಕೊಂಡಿವೆ.

ಪುಸ್ತಕ ಬರೆದಾತ ನಿಕೊಲಾ ಆಂದ್ರಿ. ೧೬೫೮ರಲ್ಲಿ ಲಿಯೋನ್ ನಗರದಲ್ಲಿ ಹುಟ್ಟಿದವನು, ಪುಸ್ತಕ ಹೊರಬಂದಾಗ ಎಂಬತ್ತು ದಾಟಿತ್ತು, ಮರುವರ್ಷವೇ ತೀರಿಕೊಂಡ. ಪ್ಯಾರಿಸ್ಸಿನ ವೈದ್ಯಪೀಠಕ್ಕೆ ಒಮ್ಮೆ ಮುಖ್ಯಸ್ಥನಾಗಿದ್ದವನು, ದೊಡ್ಡ ಜಗಳಗಂಟ, ಶಸ್ತ್ರವೈದ್ಯರೊಡನೆ ಜೀವಮಾನವೆಲ್ಲ ಹೊಡೆದಾಡಿದವನು. ಆದರೆ ಆತ ಜಗತ್ತಿಗೆ ಒಂದು ಶಬ್ದವನ್ನು ಕೊಟ್ಟು ಹೋದ. ಗ್ರೀಕಿನಲ್ಲಿ 'ನೆಟ್ಟಗಿರುವ' ಎಂಬ ಅರ್ಥದ ಒಂದು ಮಾತು, 'ಮಗು' ಎಂಬ ಅರ್ಥದ ಇನ್ನೊಂದು ಮಾತು—ಇವೆರಡನ್ನೂ ಬೆಸೆದು ಆತ ಮಾಡಿದ ಪದವೇ ಇಂದು ಪ್ರತಿ ಆಸ್ಪತ್ರೆಯ ಫಲಕದ ಮೇಲೂ ಕಾಣುವ 'ಆರ್ಥೊಪೀಡಿಕ್ಸ್'. ಕೈಕಾಲು ಮುರಿದುಕೊಂಡು ಅಲ್ಲಿಗೆ ಹೋಗುವ ನಮಗೆ ಆ ಹೆಸರಿನೊಳಗೆ ಒಂದು ಮಗು ಅಡಗಿದೆಯೆಂಬುದು ಹೊಳೆಯುವುದಿಲ್ಲ. ಆಂದ್ರಿ ಪುಸ್ತಕ ಬರೆದದ್ದು ವೈದ್ಯರಿಗಾಗಿ ಅಲ್ಲ, ತಾಯಿತಂದೆಗಳಿಗಾಗಿ. ಮಗುವನ್ನು ಹೇಗೆ ಕೂರಿಸಬೇಕು, ಮೇಜು ಎಷ್ಟು ಎತ್ತರವಿರಬೇಕು, ನಡುವೆ ಕುಳಿ ಬಿದ್ದ ಕುರ್ಚಿಯಲ್ಲಿ ಕೂತರೆ ಬೆನ್ನು ಹೇಗೆ ಕೆಡುತ್ತದೆ ಎಂದೆಲ್ಲ ಅದರಲ್ಲಿದೆ. ಬಹುಪಾಲು ಸೌಮ್ಯವಾದ, ಮನೆಯಲ್ಲಿ ಮಾಡಿಕೊಳ್ಳಬಹುದಾದ ಉಪಾಯಗಳು. ಆತನ ಹಿಂದೆ ಬಂದವರು ಕುರ್ಚಿಯನ್ನು ಮರೆತರು, ಹಗ್ಗವನ್ನು ಮಾತ್ರ ನೆನಪಿಟ್ಟುಕೊಂಡರು.

ಆ ಚಿತ್ರದ ಹೋಲಿಕೆಯಲ್ಲಿಯೇ ಒಂದು ತೊಡಕಿದೆ. ಮರಕ್ಕೆ ನೆಟ್ಟಗಿನ ಕಾಂಡವೇ ಸೊಗಸು ಎಂದುಕೊಳ್ಳೋಣ. ಮನುಷ್ಯನ ಬೆನ್ನೆಲುಬು ಎಂದೂ ನೆಟ್ಟಗಿನದಲ್ಲ. ತಾಯ ಹೊಟ್ಟೆಯಲ್ಲಿ ಮುದುರಿಕೊಂಡಿರುವ ಕೂಸಿನ ಬೆನ್ನು ಒಂದೇ ಬಿಲ್ಲಿನಂತೆ ಬಾಗಿರುತ್ತದೆ. ಕೊರಳಿನ ಏಳು ಮಣಿಗಳು ಮುಂದಕ್ಕೆ ಬಾಗುವ ಸೂಚನೆ ಗರ್ಭದಲ್ಲಿಯೇ ತೋರುವುದಾದರೂ, ಆ ಬಾಗು ಗಟ್ಟಿಯಾಗಿ ನಿಲ್ಲುವುದು ಕೂಸು ಬೋರಲು ಬಿದ್ದು ತಲೆಯೆತ್ತಿ ನೋಡತೊಡಗಿದಾಗ. 'ಮಗುವಿಗೆ ಕತ್ತು ನಿಂತಿತೆ?' ಎಂದು ನಮ್ಮ ಅಜ್ಜಿಯರು ಕೇಳುತ್ತಿದ್ದುದು ಇದನ್ನೇ. ಬಳಿಕ ಮಗು ಕೂತು, ಎದ್ದು, ಹೆಜ್ಜೆ ಹಾಕುವಾಗ ಸೊಂಟದಲ್ಲಿ ಇನ್ನೊಂದು ಬಾಗು ಮೂಡುತ್ತದೆ. ಎದೆಯ ಹಿಂದಿನ ಹಳೆಯ ಬಾಗು ಹಿಂದಕ್ಕೆ, ಕೊರಳಿನ ಮತ್ತು ಸೊಂಟದ ಹೊಸ ಬಾಗುಗಳು ಮುಂದಕ್ಕೆ—ಹೀಗೆ ಒಂದಕ್ಕೊಂದು ಎದುರಾಗಿ ನಿಂತು ಸುಮಾರು ೫ ಕಿಲೋ ತೂಗುವ ತಲೆಯನ್ನು ಹೊರುತ್ತವೆ. ಈ ಕೆಲಸವನ್ನು ಮಗುವಿಗೆ ಯಾರೂ ಕಲಿಸುವುದಿಲ್ಲ. ಯಾವ ಗೂಟಕ್ಕೂ ಕಟ್ಟುವುದಿಲ್ಲ. ನೋಡಬೇಕೆಂಬ ಆಸೆಯೊಂದೇ ಅದರ ಕೊರಳನ್ನು ನಿಲ್ಲಿಸುತ್ತದೆ.

ಆಂದ್ರಿಯ ಕಾಲದಿಂದ ಮುಂದಿನ ನೂರೈವತ್ತು ವರ್ಷ ಯೂರೋಪಿನ ಉಳ್ಳವರ ಮನೆಗಳಲ್ಲಿ ಮಕ್ಕಳ ಕೊರಳುಗಳು ಪಟ್ಟ ಪಾಡನ್ನು ನೆನೆದರೆ ಈ ಮಾತಿನ ಬೆಲೆ ತಿಳಿಯುತ್ತದೆ.

ಮೇರಿ ಮಾರ್ಥಾ ಶೆರ್ವುಡ್ ಎಂಬ ಆಂಗ್ಲ ಲೇಖಕಿ ಮಕ್ಕಳ ಕಥೆಗಳಿಗೆ ಹೆಸರಾದವಳು. ಸೈನ್ಯಾಧಿಕಾರಿಯಾಗಿದ್ದ ಗಂಡನೊಡನೆ ೧೮೦೫ರಿಂದ ಸುಮಾರು ಹನ್ನೊಂದು ವರ್ಷ ಕಾನ್ಪುರ, ಮೀರತ್ ಮೊದಲಾದ ದಂಡುಗಳಲ್ಲಿ ಇದ್ದವಳು. ಅವಳು ತನ್ನ ಬಾಲ್ಯವನ್ನು ಬರೆದಿಟ್ಟಿದ್ದಾಳೆ. ಅವಳು ಹುಟ್ಟಿದ್ದು ೧೭೭೫ರಲ್ಲಿ, ಪಾದ್ರಿಯೊಬ್ಬನ ಅನುಕೂಲಸ್ಥ ಮನೆಯಲ್ಲಿ. ಆರನೆಯ ವಯಸ್ಸಿನಿಂದ ಹದಿಮೂರನೆಯ ವಯಸ್ಸಿನವರೆಗೆ ಅವಳ ಕೊರಳಿಗೆ ಕಬ್ಬಿಣದ ಪಟ್ಟಿ, ಬೆನ್ನಿಗೆ ಹಲಗೆ, ಹಲಗೆಯನ್ನು ಭುಜಗಳಿಗೆ ಬಿಗಿಯುವ ತೊಗಲಿನ ಪಟ್ಟಿಗಳು. ಬೆಳಿಗ್ಗೆ ತೊಡಿಸಿದರೆ ಬಿಚ್ಚುತ್ತಿದ್ದುದು ಸಂಜೆ ಇಳಿದ ಮೇಲೆ. ಪಾಠವನ್ನೆಲ್ಲ ನಿಂತುಕೊಂಡೇ ಒಪ್ಪಿಸಬೇಕು. ಕಾಲುಗಳಿಗೂ ಒಂದು ಚೌಕಟ್ಟು. ತಾಯಿಯ ಎದುರಿಗೆ ಕುರ್ಚಿಯ ಮೇಲೆ ಕೂತ ನೆನಪೇ ಅವಳಿಗಿಲ್ಲ. ಇದನ್ನು ಅವಳು ದೂರಿನಂತೆ ಬರೆದಿಲ್ಲ; ತಾನು ಸುಖವಾಗಿದ್ದ ಮಗುವೆಂದೇ ಹೇಳಿಕೊಂಡಿದ್ದಾಳೆ. ಆದರೆ ಒಂದು ಸಂಗತಿ ಅವಳಿಗೆ ತಿಳಿಯದೆಯೇ ಬಾಯಿಬಿಡುತ್ತದೆ: ಸಂಜೆ ಪಟ್ಟಿ ಬಿಚ್ಚಿದೊಡನೆ ಅವಳು ಮನೆಬಾಗಿಲಿನಿಂದ ಕಾಡಿನೊಳಕ್ಕೆ ಅರ್ಧ ಮೈಲಿಯಷ್ಟು ದೂರ ಸಂತೋಷದಿಂದ ಓಡುತ್ತಿದ್ದಳಂತೆ.

ಇದು ಒಬ್ಬ ತಾಯಿಯ ಕ್ರೌರ್ಯವಲ್ಲ. ಆ ಕಾಲದ ಮರ್ಯಾದಸ್ಥ ಮನೆಗಳ ಪದ್ಧತಿ. ಮಗಳ ಕೊರಳು ನೀಳವಾಗಿ ಭುಜಗಳು ಇಳಿದಿದ್ದರೆ ಅದು ಕುಲದ ಗುರುತು. ಗೂನು ಬೆನ್ನು ಕೂಲಿಯವರದು. ಭಾರ ಹೊರದವರ ಬೆನ್ನಿಗೆ ಹಲಗೆ ಕಟ್ಟಿ ನೆಟ್ಟಗೆ ಮಾಡುತ್ತಿದ್ದರು, ಭಾರ ಹೊತ್ತು ಬಾಗಿದವರ ಬೆನ್ನನ್ನು ಕೇಳುವವರಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹಟಕ್ಕೆ ವಿಜ್ಞಾನದ ಅಂಗಿ ತೊಡಿಸಿದವನು ಜರ್ಮನಿಯ ಲೈಪ್ಸಿಗ್ ನಗರದ ವೈದ್ಯ ಮೋರಿಟ್ಸ್ ಶ್ರೇಬರ್. ಮೂಳೆಚಿಕಿತ್ಸೆಯ ಆಸ್ಪತ್ರೆಯೊಂದನ್ನು ನಡೆಸುತ್ತಿದ್ದವನು. ೧೮೫೮ರಲ್ಲಿ ಮಕ್ಕಳನ್ನು ಸುಂದರವಾಗಿ ಬೆಳೆಸುವುದು ಹೇಗೆಂದು ಒಂದು ದಪ್ಪ ಪುಸ್ತಕ ಬರೆದ. ಅದರ ಚಿತ್ರಗಳನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಬರೆಯುವ ಮಗುವಿನ ಮೇಜಿಗೆ ಒಂದು ಕಬ್ಬಿಣದ ಸರಳನ್ನು ತಿರುಪಿನಿಂದ ಕೂರಿಸುವುದು. ಅದರ ಅಡ್ಡಪಟ್ಟಿ ಮಗುವಿನ ಎದೆಯ ಮೇಲ್ಭಾಗಕ್ಕೆ ಆನಿಕೊಂಡಿರುತ್ತದೆ. ಮುಂದಕ್ಕೆ ಬಾಗಿದರೆ ಮೂಳೆಗೆ ಒತ್ತುತ್ತದೆ. ಇನ್ನೊಂದು ಉಪಕರಣ ಇನ್ನೂ ಸರಳ: ಒಂದು ಪಟ್ಟಿ, ಅದರ ಒಂದು ತುದಿ ತಲೆಗೂದಲಿಗೆ, ಇನ್ನೊಂದು ಒಳಬಟ್ಟೆಗೆ. ತಲೆ ತಗ್ಗಿದರೆ ಕೂದಲು ಎಳೆಯುತ್ತದೆ. ಇದರಲ್ಲಿ ಕೇಡಿನ ಬುದ್ಧಿ ಏನೂ ಇರಲಿಲ್ಲ. ಮಕ್ಕಳಿಗೆ ಆಟದ ಬಯಲು ಬೇಕೆಂದು ವಾದಿಸಿದವನೂ ಈತನೇ. ಜರ್ಮನಿಯ ಊರಂಚಿನಲ್ಲಿ ಪಟ್ಟಣಿಗರು ತರಕಾರಿ ಬೆಳೆಯುವ ಸಣ್ಣ ತೋಟಗಳಿಗೆ ಇಂದಿಗೂ ಈತನ ಹೆಸರೇ ಇದೆ.

ಈತನ ಹಿರಿಯ ಮಗ ೧೮೭೭ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಎರಡನೆಯ ಮಗ ಡೇನಿಯಲ್ ಪಾಲ್ ದೊಡ್ಡ ನ್ಯಾಯಾಧೀಶನಾಗಿ, ನಡುವಯಸ್ಸಿನಲ್ಲಿ ಬುದ್ಧಿಭ್ರಮಣೆಗೊಳಗಾಗಿ, ವರ್ಷಗಟ್ಟಲೆ ಹುಚ್ಚಾಸ್ಪತ್ರೆಯಲ್ಲಿದ್ದು, ೧೯೦೩ರಲ್ಲಿ ತನ್ನ ಅನುಭವವನ್ನು ಪುಸ್ತಕವಾಗಿ ಬರೆದ. ಆ ಪುಸ್ತಕವನ್ನೇ ಆಧರಿಸಿ ಫ್ರಾಯ್ಡ್ ೧೯೧೧ರಲ್ಲಿ ಪ್ರಸಿದ್ಧವಾದ ಪ್ರಬಂಧ ರಚಿಸಿದ. ತನ್ನ ತಲೆಯನ್ನು ಯಂತ್ರದಿಂದ ಒತ್ತುತ್ತಿದ್ದಾರೆ, ಎದೆಯನ್ನು ಹಿಚುಕುತ್ತಿದ್ದಾರೆ ಎಂದು ಆ ರೋಗಿ ಬರೆದಿದ್ದ. ತಂದೆಯ ಪುಸ್ತಕದ ಚಿತ್ರಗಳನ್ನು ಮಗನ ಬರಹದ ಪಕ್ಕಕ್ಕಿಟ್ಟು ನೋಡುವ ಕೆಲಸ ನಡೆದದ್ದು ಮಾತ್ರ ೧೯೫೦ರ ದಶಕದಲ್ಲಿ. ತಂದೆಯ ಸರಳಿಗೂ ಮಗನ ಹುಚ್ಚಿಗೂ ಅಷ್ಟು ನೇರ ಗಂಟು ಹಾಕಲಾಗದೆಂದು ಆಮೇಲಿನ ಇತಿಹಾಸಕಾರರು ಹೇಳಿದ್ದಾರೆ. ಅವರ ಎಚ್ಚರಿಕೆ ನ್ಯಾಯವಾದದ್ದೇ. ಆದರೂ ಎರಡನ್ನೂ ಒಮ್ಮೆ ನೋಡಿದವರಿಗೆ ಮರೆಯುವುದು ಕಷ್ಟ.

ಇಪ್ಪತ್ತನೆಯ ಶತಮಾನಕ್ಕೆ ಬರುವಾಗ ಪಟ್ಟಿ ಹೋಗಿ ಪಟ್ಟಿಕೆ ಬಂತು, ಅಂದರೆ ಅಂಕಪಟ್ಟಿ. ಅಮೆರಿಕದಲ್ಲಿ ೧೯೧೪ರಲ್ಲಿ ನಿಲುವನ್ನು ಸುಧಾರಿಸುವುದಕ್ಕೆಂದೇ ಒಂದು ರಾಷ್ಟ್ರೀಯ ಸಂಘ ಹುಟ್ಟಿತು. ೧೯೧೭ರಲ್ಲಿ ಹಾರ್ವರ್ಡಿನ ೭೪೬ ತರುಣರನ್ನು ಪರೀಕ್ಷಿಸಿ ವರದಿ ಮಾಡಿದ ವೈದ್ಯರು, ನೂರಕ್ಕೆ ಸುಮಾರು ಎಂಬತ್ತು ಮಂದಿಯ ನಿಲುವು ಸರಿಯಿಲ್ಲವೆಂದು ತೀರ್ಪಿತ್ತರು. ನೂರಕ್ಕೆ ಎಂಬತ್ತು ಮಂದಿ ತಪ್ಪಾಗಿದ್ದರೆ ತಪ್ಪಿರುವುದು ಅಳತೆಗೋಲಿನಲ್ಲಿರಬಹುದು ಎಂದು ಯಾರಿಗೂ ತೋಚಲಿಲ್ಲ. ಅಲ್ಲಿಂದ ಮುಂದೆ ಹಲವು ಹೆಸರಾಂತ ಕಾಲೇಜುಗಳು ಹೊಸದಾಗಿ ಸೇರಿದ ಹುಡುಗ ಹುಡುಗಿಯರನ್ನು ಬತ್ತಲೆಯಾಗಿ ನಿಲ್ಲಿಸಿ ಪಕ್ಕದಿಂದ ಫೋಟೊ ತೆಗೆಯುವ ಪದ್ಧತಿಯನ್ನಿಟ್ಟುಕೊಂಡವು. ಇದು ೧೯೬೦ರ ದಶಕದವರೆಗೂ ನಡೆಯಿತು. ೧೯೯೫ರಲ್ಲಿ ಪತ್ರಿಕೆಯೊಂದು ಈ ಸಂಗತಿಯನ್ನು ಬಯಲಿಗೆಳೆದಾಗ, ಆ ಫೋಟೊಗಳಲ್ಲಿದ್ದವರಲ್ಲಿ ಎಷ್ಟೋ ಮಂದಿ ದೇಶದ ದೊಡ್ಡ ಹುದ್ದೆಗಳಲ್ಲಿದ್ದರು. ಉಳಿದಿದ್ದ ಚಿತ್ರಗಳಲ್ಲಿ ಬಹಳಷ್ಟನ್ನು ನಾಶ ಮಾಡಲಾಯಿತು. ಹೆಚ್ಚು ಹೇಳಬೇಕಾಗಿಲ್ಲ.

ಈ ಹಗ್ಗ, ಸರಳು, ಅಂಕಪಟ್ಟಿಗಳ ನಡುವೆ ಬೇರೆಯೇ ಒಂದು ದಾರಿ ಹಿಡಿದವನು ವೈದ್ಯನೇ ಅಲ್ಲ. ಸ್ವರ ಬಿದ್ದುಹೋದ ಒಬ್ಬ ನಟ.

ಫ್ರೆಡರಿಕ್ ಮಥಾಯಸ್ ಅಲೆಗ್ಸಾಂಡರ್ ಹುಟ್ಟಿದ್ದು ೧೮೬೯ರಲ್ಲಿ, ಆಸ್ಟ್ರೇಲಿಯದ ತೆಂಕಣಕ್ಕಿರುವ ಟ್ಯಾಸ್ಮೇನಿಯ ದ್ವೀಪದಲ್ಲಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು; ಎಳವೆಯಿಂದಲೂ ಉಬ್ಬಸದ ತೊಂದರೆ. ಹದಿಹರೆಯದಲ್ಲಿ ತವರದ ಗಣಿಯೊಂದರ ಕಚೇರಿಯಲ್ಲಿ ಗುಮಾಸ್ತನಾಗಿ ದುಡಿದು ಒಂದಿಷ್ಟು ಹಣ ಕೂಡಿಟ್ಟ. ಇಪ್ಪತ್ತಾದಾಗ ಮೆಲ್ಬರ್ನಿಗೆ ಹೋದ. ಅವನ ಆಸೆ ರಂಗದ್ದು. ನಮ್ಮ ಗಮಕಿಗಳು ಸಭೆಯೆದುರು ಕೂತು ಕಾವ್ಯ ಓದುವಂತೆ, ಅಲ್ಲಿ ಒಬ್ಬನೇ ನಿಂತು ಷೇಕ್ಸ್‌ಪಿಯರನ ಭಾಗಗಳನ್ನು ಭಾವವತ್ತಾಗಿ ನುಡಿಯುವ ಕಲೆಗೆ ಆಗ ಒಳ್ಳೆಯ ಬೇಡಿಕೆಯಿತ್ತು. ಅಲೆಗ್ಸಾಂಡರನಿಗೆ ಹೆಸರೂ ಬರುತ್ತಿತ್ತು. ಅಷ್ಟರಲ್ಲಿ ಗಂಟಲು ಕಟ್ಟತೊಡಗಿತು. ನುಡಿಯುವಾಗ ಉಸಿರನ್ನು ಸದ್ದಾಗುವಂತೆ ಬಾಯಿಂದ ಎಳೆದುಕೊಳ್ಳುತ್ತೀಯೆ ಎಂದು ಗೆಳೆಯರು ಹೇಳಿದರು. ಔಷಧಿ, ಬಾಯಿ ಮುಕ್ಕಳಿಸುವುದು, ಎಲ್ಲವೂ ಆಯಿತು. ಕೊನೆಗೆ ಒಂದು ಮುಖ್ಯವಾದ ಪ್ರದರ್ಶನಕ್ಕೆ ಮುಂಚೆ ಎರಡು ವಾರ ಸ್ವರಕ್ಕೆ ವಿಶ್ರಾಂತಿ ಕೊಡೆಂದು ವೈದ್ಯ ಹೇಳಿದ. ಹಾಗೆಯೇ ಮಾಡಿದ. ಆ ಸಂಜೆ ಸ್ವರ ಶುದ್ಧವಾಗಿತ್ತು. ಅರ್ಧ ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಮತ್ತೆ ಕಟ್ಟಿತು. ಮುಗಿಯುವಾಗ ಮಾತೇ ಹೊರಡದಂತಾಯಿತು.

ಮರುದಿನ ಅವನು ವೈದ್ಯನೆದುರು ಇಟ್ಟ ವಾದ ಬಹಳ ಸರಳವಾದದ್ದು. ರಂಗಕ್ಕೆ ಹತ್ತುವಾಗ ಗಂಟಲು ಸರಿಯಿತ್ತು, ಇಳಿಯುವಾಗ ಕೆಟ್ಟಿತ್ತು. ಹಾಗಾದರೆ ಕೆಡಿಸುವ ಏನನ್ನೋ ನಾನೇ ನುಡಿಯುವಾಗ ಮಾಡುತ್ತಿರಬೇಕಲ್ಲವೆ? ವೈದ್ಯ ಒಪ್ಪಿದ. ಅದೇನೆಂದು ಕೇಳಿದಾಗ ತನಗೆ ಗೊತ್ತಿಲ್ಲವೆಂದೂ ಪ್ರಾಮಾಣಿಕವಾಗಿ ಹೇಳಿದ. ಆ ವೈದ್ಯನಿಗೂ ಒಂದು ನಮಸ್ಕಾರ ಸಲ್ಲಬೇಕು.

ಅಲೆಗ್ಸಾಂಡರ್ ಮನೆಗೆ ಬಂದು ಕನ್ನಡಿಯೆದುರು ನಿಂತ. ಮೊದಲು ಸುಮ್ಮನೆ ಮಾತಾಡಿ ನೋಡಿದ, ಏನೂ ಕಾಣಲಿಲ್ಲ. ರಂಗದ ಮೇಲೆ ನುಡಿಯುವಂತೆ ನುಡಿದಾಗ ಮೂರು ಸಂಗತಿಗಳು ಕಂಡವು. ತಲೆ ಹಿಂದಕ್ಕೆ ಜಗ್ಗಿಕೊಳ್ಳುತ್ತಿತ್ತು. ಗಂಟಲಗೂಡು ಕೆಳಕ್ಕೆ ಒತ್ತಿಕೊಳ್ಳುತ್ತಿತ್ತು. ಉಸಿರು ಬಾಯಿಂದ ಸೆಳೆದುಕೊಳ್ಳುತ್ತಿತ್ತು. ಮತ್ತೆ ಸುಮ್ಮನೆ ಮಾತಾಡಿ ನೋಡಿದ. ಈಗ ಗುರುತಾಯಿತು: ಅದೇ ಮೂರೂ ಅಲ್ಲಿಯೂ ಇದ್ದವು, ಪ್ರಮಾಣ ಮಾತ್ರ ಕಡಿಮೆ. ಉಸಿರನ್ನೂ ಗಂಟಲನ್ನೂ ನೇರವಾಗಿ ತಿದ್ದಿಕೊಳ್ಳಲಾಗಲಿಲ್ಲ. ಆದರೆ ತಲೆ ಹಿಂದಕ್ಕೆ ಹೋಗದಂತೆ ತಡೆದಾಗ ಉಳಿದೆರಡೂ ತಾವಾಗಿ ಸಡಿಲವಾದವು. ಕೀಲಿ ಕೊರಳಿನಲ್ಲಿತ್ತು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅವನೂ ಒಂದು ಬಗೆಯ ಹಗ್ಗವನ್ನೇ ಮಾರುತ್ತಿದ್ದನೇನೊ. 'ತಲೆಯನ್ನು ಮುಂದಕ್ಕೂ ಮೇಲಕ್ಕೂ ಇಡು' ಎಂದು ತನಗೆ ತಾನೇ ಹೇಳಿಕೊಂಡು, ಹಾಗೆ ಇಟ್ಟೆನೆಂದು ನಂಬಿ ನುಡಿಯತೊಡಗಿದ. ಫಲ ಸಿಗಲಿಲ್ಲ. ಅನುಮಾನ ಬಂದು ಎರಡು ಪಕ್ಕಗಳಲ್ಲಿ ಇನ್ನೆರಡು ಕನ್ನಡಿಗಳನ್ನು ನಿಲ್ಲಿಸಿದ. ಆಗ ಕಂಡದ್ದು ಅವನನ್ನು ಬೆಚ್ಚಿಸಿತು. ತಲೆಯನ್ನು ಮುಂದಕ್ಕೆ ಇಟ್ಟಿದ್ದೇನೆಂದು ಮೈಯೆಲ್ಲ ಸಾಕ್ಷಿ ಹೇಳುತ್ತಿದ್ದ ಆ ಕ್ಷಣದಲ್ಲಿಯೇ ತಲೆ ಹಿಂದಕ್ಕೆ ಜಗ್ಗಿಕೊಂಡಿತ್ತು. ಅಂದರೆ, ಯಾವುದನ್ನು ನಂಬಿ ನಾವು ನೆಟ್ಟಗೆ ಕೂತಿದ್ದೇವೆ, ನಿಂತಿದ್ದೇವೆ ಎಂದುಕೊಳ್ಳುತ್ತೇವೆಯೋ ಆ ಒಳಗಿನ ಅರಿವೇ ಸುಳ್ಳು ಹೇಳುತ್ತದೆ. ರೂಢಿಯಾದದ್ದು ಸರಿಯೆನಿಸುತ್ತದೆ; ಸರಿಯಾದದ್ದು ಸೊಟ್ಟವೆನಿಸುತ್ತದೆ. ಅವನ ಅಭಿನಯದ ಗುರು 'ಪಾದಗಳಿಂದ ನೆಲವನ್ನು ಹಿಡಿ' ಎಂದು ಹೇಳಿಕೊಟ್ಟಿದ್ದನಂತೆ. ಶಿಷ್ಯ ಅದನ್ನು ವಿಧೇಯನಾಗಿ ಪಾಲಿಸಿ ಕಾಲ್ಬೆರಳುಗಳನ್ನು ಮುದುರಿ, ಮೊಣಕಾಲುಗಳನ್ನು ಸೆಟೆಸಿ ನಿಲ್ಲುತ್ತಿದ್ದ. ಕೊರಳಿನ ಬಿಗಿ ಅಂಗಾಲಿನವರೆಗೂ ಹಬ್ಬಿತ್ತು.

ಈ ಪ್ರಯೋಗವನ್ನು ಓದುಗರೇ ಮಾಡಿ ನೋಡಬಹುದು. ಪಕ್ಕದಲ್ಲಿರುವವರಿಗೆ 'ನೆಟ್ಟಗೆ ಕೂತುಕೊಳ್ಳಿ' ಎಂದು ಹೇಳಿ. ಎದೆ ಮುಂದಕ್ಕೆ ಉಬ್ಬುತ್ತದೆ, ನಡು ಒಳಕ್ಕೆ ಸೇದುತ್ತದೆ, ಭುಜಗಳು ಹಿಂದೆ ಸರಿಯುತ್ತವೆ, ಗದ್ದ ಮೇಲೇಳುತ್ತದೆ, ತಲೆಯ ಹಿಂಭಾಗ ಕತ್ತಿನ ಮೇಲೆ ಕುಸಿದು ಕೂರುತ್ತದೆ. ಎರಡು ನಿಮಿಷದಲ್ಲಿ ದಣಿದು ಮೊದಲಿಗಿಂತಲೂ ಹೆಚ್ಚು ಕುಗ್ಗುತ್ತಾರೆ. ಶಾಲೆಯ ಡ್ರಿಲ್ ಮಾಸ್ತರು ನಮಗೆಲ್ಲ ಕಲಿಸಿದ ನೆಟ್ಟಗಿನ ನಿಲುವು ಇದೇ.

ಅಲೆಗ್ಸಾಂಡರ್ ಕಂಡುಕೊಂಡ ಉಪಾಯ ಮಾಡುವುದರದ್ದಲ್ಲ, ಮಾಡದಿರುವುದರದ್ದು. ನುಡಿಯಬೇಕೆಂಬ ಪ್ರೇರಣೆ ಬಂದೊಡನೆ ಮೊದಲು 'ಇಲ್ಲ' ಎನ್ನುವುದು. ಹಳೆಯ ಬಿಗಿ ಏಳುವುದಕ್ಕೆ ಎಡೆ ಸಿಗದಂತೆ ಆ ಕ್ಷಣ ತಡೆಯುವುದು. ಬಳಿಕ ಕೊರಳು ಸಡಿಲವಾಗಿರಲಿ, ತಲೆ ಮುಂದಕ್ಕೂ ಮೇಲಕ್ಕೂ ಹೋಗಲಿ, ಬೆನ್ನು ಉದ್ದವಾಗಿ ಅಗಲವಾಗಲಿ ಎಂದು ಮನಸ್ಸಿನಲ್ಲಿ ನೆನೆಯುವುದು, ಕೈಯಾರೆ ಮಾಡಹೋಗದೆ. ಕೊನೆಗೆ ನುಡಿಯುವ ಗಳಿಗೆಯಲ್ಲಿ ಮತ್ತೊಮ್ಮೆ ಕೇಳಿಕೊಳ್ಳುವುದು: ನುಡಿಯಲೆ, ಸುಮ್ಮನಿರಲೆ, ಇಲ್ಲವೆ ಬರಿದೆ ಕೈಯೆತ್ತಲೆ? ಯಾವುದನ್ನು ಆರಿಸಿದರೂ ಕೊರಳಿನ ಬಿಡುವನ್ನು ಬಿಟ್ಟುಕೊಡಬಾರದು. ಈ ಅಭ್ಯಾಸ ಕೈಗೂಡಲು ಅವನಿಗೆ ವರ್ಷಗಳೇ ಹಿಡಿದವು. ಗಂಟಲು ಬಿಟ್ಟಿತು. ಎಳವೆಯಿಂದ ಕಾಡಿದ ಉಸಿರಿನ ತೊಂದರೆಯೂ ತಗ್ಗಿತೆಂದು ಅವನು ಹೇಳಿದ್ದಾನೆ. ಫಲದ ಮೇಲೆ ಕಣ್ಣು ನೆಟ್ಟು ಕೆಲಸ ಕೆಡಿಸಿಕೊಳ್ಳುವ ಮಾತು ನಮ್ಮವರಿಗೆ ಹೊಸದಲ್ಲ. ಅವನು ಅದನ್ನು ಓದಿದ್ದು ಗ್ರಂಥದಲ್ಲಲ್ಲ, ಮೂರು ಕನ್ನಡಿಗಳಲ್ಲಿ.

೧೯೦೪ರಲ್ಲಿ, ಸಿಡ್ನಿಯ ವೈದ್ಯನೊಬ್ಬನ ಪ್ರೋತ್ಸಾಹದಿಂದ, ಅಲೆಗ್ಸಾಂಡರ್ ಲಂಡನ್ನಿಗೆ ಹೋದ. ಮೊದಲು ನಟರು ಬಂದರು, ಬಳಿಕ ಲೇಖಕರು. ಬರ್ನಾರ್ಡ್ ಷಾ ಮುಪ್ಪಿನಲ್ಲಿ ಅವನ ಶಿಷ್ಯನಾದ. ಆಲ್ಡಸ್ ಹಕ್ಸ್‌ಲಿ ೧೯೩೬ರ ತನ್ನ ಕಾದಂಬರಿಯ ಒಂದು ಪಾತ್ರಕ್ಕೆ ಅವನಿಂದ ಬಣ್ಣ ತೆಗೆದುಕೊಂಡ. ಅಮೆರಿಕದ ತತ್ತ್ವಜ್ಞ ಜಾನ್ ಡ್ಯೂಯಿ ಅವನ ಮೂರು ಪುಸ್ತಕಗಳಿಗೆ ಮುನ್ನುಡಿ ಬರೆದ. ಕನ್ನಡಿಯ ಕಥೆಯನ್ನು ಅಲೆಗ್ಸಾಂಡರ್ ವಿವರವಾಗಿ ಬರೆದದ್ದು ೧೯೩೨ರ ಪುಸ್ತಕದಲ್ಲಿ. ಅವನ ಬರಹ ಬಹಳ ಭಾರವಾದದ್ದು. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಓದುವವನ ಕತ್ತೇ ನೋಯುತ್ತದೆ. ೧೯೧೦ರ ಮೊದಲ ಪುಸ್ತಕದಲ್ಲಿ ಬಿಳಿಯರಲ್ಲದ ಜನಾಂಗಗಳ ಬಗ್ಗೆ ಅವನಾಡಿರುವ ಮಾತುಗಳು ಇಂದಿನ ಅವನ ಅನುಯಾಯಿಗಳಿಗೇ ನಾಚಿಕೆ ತರುತ್ತವೆ. ಗಂಟಲ ಬೇನೆಯಿಂದ ಹಿಡಿದು ನಾಗರಿಕತೆಯ ಸಕಲ ರೋಗಗಳವರೆಗೆ ಎಲ್ಲಕ್ಕೂ ಕೊರಳೇ ಮದ್ದೆಂಬ ಹುಮ್ಮಸ್ಸೂ ಅವನಿಗಿತ್ತು.

ಆ ಹುಮ್ಮಸ್ಸು ಅವನನ್ನು ನ್ಯಾಯಾಲಯಕ್ಕೂ ಹತ್ತಿಸಿತು. ೧೯೪೪ರಲ್ಲಿ ದಕ್ಷಿಣ ಆಫ್ರಿಕದ ಪತ್ರಿಕೆಯೊಂದರಲ್ಲಿ ಅಲ್ಲಿಯ ವ್ಯಾಯಾಮ ಶಿಕ್ಷಣದ ಅಧಿಕಾರಿ ಅರ್ನ್‌ಸ್ಟ್ ಯೋಕ್ಲ್ ಅವನನ್ನು ನಕಲಿ ವೈದ್ಯನೆಂದು ಜರೆದು ಬರೆದ. ಅಲೆಗ್ಸಾಂಡರ್ ಮಾನನಷ್ಟ ಮೊಕದ್ದಮೆ ಹೂಡಿದ. ೧೯೪೮ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ವಿಚಾರಣೆ. ಒಂದು ಕಡೆ ತಾಲೀಮಿನಿಂದ ಮೈ ನೆಟ್ಟಗಾಗುತ್ತದೆಂಬ ಸರ್ಕಾರದ ಪಕ್ಷ. ಇನ್ನೊಂದು ಕಡೆ ತಾಲೀಮಿನಿಂದಲೇ ಬಿಗಿ ಹೆಚ್ಚುತ್ತದೆಂಬ ಅವನ ಪಕ್ಷ. ಕೊರಳನ್ನು ಹೇಗೆ ಇಟ್ಟುಕೊಳ್ಳಬೇಕೆಂಬ ಪ್ರಶ್ನೆ ನ್ಯಾಯಾಧೀಶರೆದುರು ಇಷ್ಟು ವಿಸ್ತಾರವಾಗಿ ಬಂದದ್ದು ಬೇರೆಲ್ಲೂ ಇರಲಾರದು. ಪಾರ್ಶ್ವವಾಯು ಬಡಿದಿದ್ದ ಎಪ್ಪತ್ತೊಂಬತ್ತರ ಅಲೆಗ್ಸಾಂಡರ್ ತಾನು ಹೋಗಲಾಗಲಿಲ್ಲ. ತೀರ್ಪು ಅವನ ಪರವಾಗಿ ಬಂತು: ೧,೦೦೦ ಪೌಂಡು ಪರಿಹಾರ. ಆದರೆ ಅವನ ವಿಜ್ಞಾನ ಸತ್ಯವೆಂದು ನ್ಯಾಯಾಲಯ ಹೇಳಲಿಲ್ಲ. ಅವನನ್ನು ಮೋಸಗಾರನೆಂದದ್ದು ತಪ್ಪೆಂದು ಮಾತ್ರ ಹೇಳಿತು. ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡು ಅವನು ೧೯೫೫ರಲ್ಲಿ ಸಾಯುವವರೆಗೂ ಪಾಠ ಹೇಳುತ್ತಿದ್ದ. ೧೯೭೩ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಪ್ರಾಣಿಶಾಸ್ತ್ರಜ್ಞ ನಿಕೊ ಟಿನ್‌ಬರ್ಗನ್ ತನ್ನ ಸ್ವೀಕಾರ ಭಾಷಣದ ದೊಡ್ಡ ಭಾಗವನ್ನು ಈ ನಟನ ಕನ್ನಡಿಗೆ ಮೀಸಲಿಟ್ಟದ್ದು ಅನೇಕ ವಿಜ್ಞಾನಿಗಳಿಗೆ ರುಚಿಸಲಿಲ್ಲ.

ಅಲೆಗ್ಸಾಂಡರ್ ಲಂಡನ್ನಿನಲ್ಲಿ ಶಿಕ್ಷಕರನ್ನು ತಯಾರು ಮಾಡುತ್ತಿದ್ದ ದಿನಗಳಲ್ಲಿಯೇ, ಅವನ ಹೆಸರೂ ತಿಳಿಯದ ಒಂದು ಕಡೆ, ಇನ್ನೊಂದು ಕೊರಳು ನಿಲ್ಲಲು ಹೆಣಗುತ್ತಿತ್ತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ೧೯೧೮ರಲ್ಲಿ, ಇನ್‌ಫ್ಲುಯೆಂಜಾ ಹಾವಳಿಯ ನಡುವೆ, ಆ ಜ್ವರದಲ್ಲಿ ನರಳುತ್ತಿದ್ದ ತಾಯಿಗೆ ಹುಟ್ಟಿದ ಮಗು ಸುಂದರರಾಜ. ಕಡ್ಡಿಯಂಥ ಕೈಕಾಲು, ಮುಂದೆ ಬಂದ ಹೊಟ್ಟೆ. ತಲೆ ಜೋತುಬೀಳುತ್ತಿತ್ತು, ಅದನ್ನು ಎತ್ತಬೇಕಾದರೆ ಬಹಳ ಪ್ರಯಾಸಪಡಬೇಕಾಗಿತ್ತು ಎಂದು ಆತನೇ ಮುಂದೆ ನೆನೆದುಕೊಂಡಿದ್ದುಂಟು. ಹದಿನೈದರ ಈ ಹುಡುಗನನ್ನು ೧೯೩೪ರಲ್ಲಿ ಮೈಸೂರಿಗೆ ಕರೆಸಿಕೊಂಡವರು ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಅವರ ಯೋಗಶಾಲೆ ನಡೆಯುತ್ತಿತ್ತು. ಭಾವನವರ ಶಿಕ್ಷಣದಲ್ಲಿ ಮೃದುತ್ವ ಇರಲಿಲ್ಲ. ಆ ಹುಡುಗನೇ ಬಿ.ಕೆ.ಎಸ್. ಅಯ್ಯಂಗಾರ್.

ಅಯ್ಯಂಗಾರರಿಗೂ ಅಲೆಗ್ಸಾಂಡರನಿಗೂ ಸಂಬಂಧವಿಲ್ಲ, ದಾರಿಗಳೂ ಬೇರೆ. ಒಬ್ಬರು ಸ್ನಾಯುವಿನಿಂದ ಸ್ನಾಯುವಿಗೆ ಆಜ್ಞೆ ಮಾಡುವವರು; ಇನ್ನೊಬ್ಬ ಆಜ್ಞೆಯನ್ನೇ ತಡೆಹಿಡಿಯುವವನು. ಆದರೂ ಇಬ್ಬರೂ ತಮ್ಮ ಮೈಯನ್ನೇ ಪ್ರಯೋಗಶಾಲೆ ಮಾಡಿಕೊಂಡವರು. ೧೯೫೨ರಲ್ಲಿ ಮುಂಬಯಿಗೆ ಬಂದಿದ್ದ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅಯ್ಯಂಗಾರರನ್ನು ಕಂಡ. ಪಾಶ್ಚಾತ್ಯ ಪಿಟೀಲುಗಾರ ವಾದ್ಯವನ್ನು ಗದ್ದಕ್ಕೂ ಭುಜಕ್ಕೂ ನಡುವೆ ಇರಿಸಿಕೊಂಡು ಗಂಟೆಗಟ್ಟಲೆ ನಿಲ್ಲುತ್ತಾನೆ; ನೆಲದ ಮೇಲೆ ಕೂತು ವಾದ್ಯದ ತುದಿಯನ್ನು ಪಾದಕ್ಕೆ ಆನಿಸಿಕೊಳ್ಳುವ ನಮ್ಮವರ ಬಗೆಯಲ್ಲಿ ಕೊರಳಿಗೆ ಆ ಕಷ್ಟವಿಲ್ಲ. ದಣಿದು ಬಂದಿದ್ದ ಮೆನುಹಿನ್‌ನನ್ನು ಅಯ್ಯಂಗಾರರು ಶವಾಸನದಲ್ಲಿ ಮಲಗಿಸಿದರು. ಆತ ನಿದ್ದೆ ಹೋದ. ಮುಂದೆ ಆತ ಅವರಿಗೆ ಉಡುಗೊರೆಯಾಗಿತ್ತ ಕೈಗಡಿಯಾರದ ಹಿಂಬದಿಯಲ್ಲಿ, ತನಗೆ ಪಿಟೀಲು ಕಲಿಸಿದವರಲ್ಲೆಲ್ಲ ಇವರೇ ಉತ್ತಮರೆಂಬ ಅರ್ಥದ ಮಾತನ್ನು ಕೆತ್ತಿಸಿದ್ದ. ಕತ್ತು ನೆಲಕ್ಕೆ ಒತ್ತಿ ಚಪ್ಪಟೆಯಾಗಬಾರದೆಂದು ಸರ್ವಾಂಗಾಸನದಲ್ಲಿ ಭುಜಗಳ ಕೆಳಗೆ ಮಡಿಸಿದ ಕಂಬಳಿಗಳನ್ನಿಡುವ ಪದ್ಧತಿಯೂ ಅಯ್ಯಂಗಾರರ ಶಿಷ್ಯವರ್ಗದಲ್ಲಿ ರೂಢಿಯಾಗಿದೆ. ಕೊರಳಿನ ಸಹಜವಾದ ಬಾಗನ್ನು ಕಾಯುವ ಜಾಣತನ ಅದರಲ್ಲಿದೆ.

ಇಂದು ಗೂಟದ ಜಾಗಕ್ಕೆ ಎಕ್ಸ್‌ರೇ ಬಂದಿದೆ. ೧೮೯೫ರಲ್ಲಿ ರಾಂಟ್‌ಜೆನ್ ಆ ಕಿರಣಗಳನ್ನು ಕಾಣುವ ತನಕ ಬದುಕಿರುವವರ ಕೊರಳೊಳಗಿನ ಬಾಗನ್ನು ಯಾರೂ ನೋಡಿರಲಿಲ್ಲ. ಈಗ ಕತ್ತುನೋವೆಂದು ಹೋದ ಗುಮಾಸ್ತ ಕೈಯಲ್ಲಿ ಒಂದು ಚೀಟಿ ಹಿಡಿದು ಹಿಂದಿರುಗುತ್ತಾನೆ. 'ಕೊರಳಿನ ಸಹಜ ಬಾಗು ಇಲ್ಲವಾಗಿದೆ' ಎಂದು ಅದರಲ್ಲಿರುತ್ತದೆ. ಮೂಳೆಯೇ ಎಲ್ಲೋ ಕಳೆದುಹೋದಂತೆ ಅವನು ಹೆದರುತ್ತಾನೆ. ಅವನಿಗೆ ಹೇಳಬೇಕಾದ ಮಾತು ಇದು: ಎಳ್ಳಷ್ಟೂ ನೋವಿಲ್ಲದವರನ್ನು ನಿಲ್ಲಿಸಿ ಎಕ್ಸ್‌ರೇ ತೆಗೆದಾಗಲೂ ಅವರಲ್ಲಿ ಅನೇಕರ ಕೊರಳು ನೇರವಾಗಿ, ಕೆಲವರದು ಹಿಂಬಾಗಿಯೂ ಇರುತ್ತದೆ. ಚಿತ್ರ ತೆಗೆಯುವಾಗ ಗದ್ದವನ್ನು ಸ್ವಲ್ಪ ತಗ್ಗಿಸಿದರೂ ಬಾಗು ಮಾಯವಾಗುತ್ತದೆ. ಕೈಫೋನಿನ ಮೇಲೆ ಅರುವತ್ತು ಡಿಗ್ರಿ ಬಾಗಿದ ಕೊರಳಿನ ಮೇಲೆ ೨೭ ಕಿಲೋ ಭಾರ ಬೀಳುತ್ತದೆಂಬ ಲೆಕ್ಕ ೨೦೧೪ರಿಂದ ಎಲ್ಲೆಲ್ಲೂ ಹರಿದಾಡುತ್ತಿದೆ; ಅದು ಕಂಪ್ಯೂಟರಿನ ಮಾದರಿಯಿಂದ ಬಂದ ಅಂಕೆ, ಜೀವಂತ ಕೊರಳಿನಲ್ಲಿ ಅಳೆದದ್ದಲ್ಲ.

ಹಾಗೆಂದು ನೋವು ಸುಳ್ಳಲ್ಲ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂತ ಕೊರಳು ನೋಯುತ್ತದೆ, ಆ ಭಂಗಿ ಎಷ್ಟೇ ನೆಟ್ಟಗಿರಲಿ. ಆಗಾಗ ಏಳುವುದು, ಕತ್ತಿನ ಮತ್ತು ಭುಜದ ಸ್ನಾಯುಗಳನ್ನು ನಿಧಾನವಾಗಿ ಬಲಪಡಿಸುವುದು, ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸುವುದು—ಇವು ಚಿಕಿತ್ಸಕರು ಹೇಳುವ ಮಾತುಗಳು. ಕೈಗೆ ಜುಮ್ಮು ಹರಿದರೆ, ಹಿಡಿತ ಸಡಿಲವಾದರೆ ವೈದ್ಯರನ್ನು ಕಾಣಲೇಬೇಕು.

ಅಲೆಗ್ಸಾಂಡರನ ಪಾಠಕ್ಕೂ ಕೊನೆಗೆ ಒಂದು ಪರೀಕ್ಷೆಯಾಯಿತು. ಇಂಗ್ಲೆಂಡಿನಲ್ಲಿ ಬಹುದಿನದ ಕತ್ತುನೋವಿನಿಂದ ಬಳಲುತ್ತಿದ್ದ ೫೧೭ ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಎಲ್ಲರಿಗೂ ಮಾಮೂಲು ವೈದ್ಯೋಪಚಾರ ಇದ್ದೇ ಇತ್ತು. ಒಂದು ಗುಂಪಿಗೆ ಅದರ ಜೊತೆಗೆ ಅಲೆಗ್ಸಾಂಡರನ ಕ್ರಮದಲ್ಲಿ ಒಬ್ಬೊಬ್ಬರಿಗೇ ಇಪ್ಪತ್ತು ಪಾಠಗಳು; ಇನ್ನೊಂದಕ್ಕೆ ಚೀನೀ ಪದ್ಧತಿಯಂತೆ ಸೂಜಿ ಚುಚ್ಚುವ ಹನ್ನೆರಡು ಸರದಿ. ೨೦೧೫ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ವರ್ಷದ ಮೇಲೆ ನೋಡಿದಾಗ ಪಾಠ ಕೇಳಿದವರ ನೋವು ಬರಿಯ ಮಾಮೂಲು ಉಪಚಾರ ಪಡೆದವರದಕ್ಕಿಂತ ಕಡಿಮೆಯಾಗಿತ್ತು, ಬಹಳವಲ್ಲ, ತಕ್ಕಮಟ್ಟಿಗೆ. ಸೂಜಿ ಚುಚ್ಚಿಸಿಕೊಂಡವರದೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಅಲೆಗ್ಸಾಂಡರ್ ಬದುಕಿದ್ದರೆ ಸೂಜಿಯೊಡನೆ ಸಮಪಾಲು ಹಂಚಿಕೊಳ್ಳಲು ಖಂಡಿತ ಒಪ್ಪುತ್ತಿರಲಿಲ್ಲ. ಇನ್ನೊಂದು ಮೊಕದ್ದಮೆ ಹೂಡುತ್ತಿದ್ದನೋ ಏನೋ.